ನಿಮ್ಮ ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಾ?

ನಮಸ್ಕಾರ.

ನಿಮ್ಮ ಚಿತ್ರಕತೆಯನ್ನು ಎರಡು ಸಲ ಓದಿದೆ. ಒಮ್ಮೆ ರಾತ್ರಿ, ಒಮ್ಮೆ ಬೆಳಿಗ್ಗೆ ಕಾಫಿ ಕುಡಿಯುತ್ತಾ. ರಾತ್ರಿ ಹೆದರಿಕೆ ಆಗಲಿಲ್ಲ, ಬೆಳಿಗ್ಗೆ ನಗು ಬರಲಿಲ್ಲ. ಮುಲಾಜಿಲ್ಲದೆ ಬರೆಯಿರಿ, ಬೇಕಾದರೆ ಎಲ್ಲರೂ ಓದುವ ಹಾಗೆ ಹಾಕಿ ಅಂತ ನೀವೇ ಹೇಳಿದ್ದೀರಿ. ಹಾಗಾಗಿ ಮುಲಾಜು ಬಿಟ್ಟೆ. ಆದರೆ ಪುಟ 97ಕ್ಕೆ ಬಂದಾಗ ಕಾಫಿ ಲೋಟ ಕೆಳಗಿಟ್ಟೆ. ಆ ಪುಟ ಇಲ್ಲದಿದ್ದರೆ ಎರಡು ಸಾಲಿನಲ್ಲಿ ಉತ್ತರ ಮುಗಿಸುತ್ತಿದ್ದೆ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಈ ಲೇಖಕರು ಅಮೆರಿಕದ ಓಹಿಯೋದಲ್ಲಿರುವ ಕನ್ನಡಿಗರು. ಕಳಿಸಿರುವುದು 118 ಪುಟದ ಹಾರರ್ ಕಾಮಿಡಿ. ಹಾಲೋವೀನ್ ರಾತ್ರಿ, ಅಂದರೆ ಮಕ್ಕಳು ವೇಷ ಹಾಕಿ ಮನೆಮನೆಗೆ ಚಾಕಲೇಟ್ ಕೇಳುತ್ತಾ ಹೋಗುವ ಅಕ್ಟೋಬರ್ 31ಕ್ಕೆ, ಅಲ್ಲಿನ ಒಂದು ಸಣ್ಣ ಊರಿನಲ್ಲಿ ನಡೆಯುವ ಐದು ಕತೆಗಳು. ಆಫೀಸಿನ ವಿಡಿಯೊ ಕಾಲ್‌ಗೆ ಬಂದು ಕೂರುವ ದೆವ್ವ, ಮಕ್ಕಳಿಗೆ ವಿಷದ ಚಾಕಲೇಟ್ ಹಂಚುವ ಅಪರಿಚಿತ, ಜೋಳದ ಹೊಲದಲ್ಲಿ ದಾರಿ ತಪ್ಪುವ ಕಾಲೇಜು ಹುಡುಗರು, ಜೀವ ಬರುವ ಕುಂಬಳಕಾಯಿ, ಕೊನೆಗೆ ಹಾಸನದಿಂದ ಮಗನ ಮನೆಗೆ ಬಂದಿರುವ ಒಬ್ಬ ಅಜ್ಜಿ. ಇಷ್ಟನ್ನೂ ಸ್ಮಶಾನದ ಕಾವಲುಗಾರನೊಬ್ಬ ಕಾರು ಕೆಟ್ಟು ನಿಂತ ಗಂಡ ಹೆಂಡತಿಗೆ ಹೇಳುತ್ತಾನೆ. ಆ ಗಂಡ ಹೆಂಡತಿ ಮೊದಲೇ ಸತ್ತಿದ್ದರು ಅಂತ ಕೊನೆಯಲ್ಲಿ ಗೊತ್ತಾಗುತ್ತದೆ.

ಆ ಕಾವಲುಗಾರನನ್ನು ಮೊದಲು ಮನೆಗೆ ಕಳಿಸಿ. 1965ರಲ್ಲಿ ಬ್ರಿಟನ್ನಿನ ಅಮಿಕಸ್ ಕಂಪನಿ 'ಡಾಕ್ಟರ್ ಟೆರರ್ಸ್ ಹೌಸ್ ಆಫ್ ಹಾರರ್ಸ್' ಅಂತ ಒಂದು ಸಿನಿಮಾ ಮಾಡಿತ್ತು. ರೈಲಿನಲ್ಲಿ ಐದು ಜನ ಕೂತಿರುತ್ತಾರೆ, ಅಪರಿಚಿತನೊಬ್ಬ ಟ್ಯಾರೋ ಕಾರ್ಡ್ ತೆಗೆದು ಒಬ್ಬೊಬ್ಬರ ಭವಿಷ್ಯ ಹೇಳುತ್ತಾನೆ, ಇಳಿಯುವ ಹೊತ್ತಿಗೆ ನೋಡಿದರೆ ಐವರೂ ಸತ್ತವರೇ. ಅದೇ ಕಂಪನಿ 1972ರಲ್ಲಿ ಇನ್ನೊಂದು ಸಲ ಐದು ಜನರನ್ನು ನೆಲದಡಿಯ ಸಮಾಧಿ ಗುಹೆಯಲ್ಲಿ ಕೂರಿಸಿ ಹೆಚ್ಚುಕಮ್ಮಿ ಇದೇ ಆಟ ಆಡಿತು. ನಿಮ್ಮ ಕಾರು ಕೆಟ್ಟ ಮೊದಲ ಪುಟದಲ್ಲೇ ನನಗೆ ಕೊನೆ ಗೊತ್ತಾಯಿತು, ನಿಮ್ಮ ಓದುಗರಿಗೂ ಗೊತ್ತಾಗುತ್ತದೆ. ಕತೆ ಹೇಳುವ ನೆಪವೇ ಕತೆಯಾಗಬೇಕು ಅಂತಿದ್ದರೆ 1945ರ 'ಡೆಡ್ ಆಫ್ ನೈಟ್' ನೋಡಿ. ಅದರಲ್ಲಿ ಒಬ್ಬ ಮನುಷ್ಯ ತಾನು ಕನಸಿನಲ್ಲಿ ಕಂಡ ಮನೆಗೇ ಬರುತ್ತಾನೆ, ಅಲ್ಲಿದ್ದವರೆಲ್ಲ ತಮ್ಮ ತಮ್ಮ ದೆವ್ವದ ಕತೆ ಹೇಳುತ್ತಾರೆ. ಎಲ್ಲ ಮುಗಿದು ಹಾಸಿಗೆಯಿಂದ ಎದ್ದರೆ ಫೋನ್ ಬರುತ್ತದೆ, ಅದೇ ಮನೆಗೆ ಬನ್ನಿ ಅಂತ. ಅಲ್ಲಿ ನೆಪವೇ ಹೆದರಿಸುತ್ತದೆ. ನಿಮ್ಮ ಕಾವಲುಗಾರ ಸುಮ್ನೆ ನಿರೂಪಕ, ಮಧ್ಯೆ ಮಧ್ಯೆ ಕೆಮ್ಮುತ್ತಾನೆ ಅಷ್ಟೆ.

ಇನ್ನೊಂದು ದೊಡ್ಡ ತೊಂದರೆ ಇದೆ. ನಿಮ್ಮ ಐದರಲ್ಲಿ ಮೂರು ಕತೆ ಯಾವ ರಾತ್ರಿ ಬೇಕಾದರೂ ನಡೆಯಬಹುದು. ವಿಡಿಯೊ ಕಾಲ್ ದೆವ್ವ ಯುಗಾದಿ ದಿನ ಬಂದರೂ ಏನೂ ವ್ಯತ್ಯಾಸ ಆಗಲ್ಲ. ಗೋಡೆಗೆ ಬಾವಲಿ ಅಂಟಿಸಿದ್ದೀರಿ, ಕಿಟಕಿಯಲ್ಲಿ ಅಸ್ಥಿಪಂಜರ ತೂಗುಹಾಕಿದ್ದೀರಿ, ಅದು ಡೆಕೋರೇಷನ್ ಆಯಿತು. ಹಾಲೋವೀನ್‌ನಲ್ಲಿ ನಿಜವಾಗಿ ವಿಚಿತ್ರವಾದದ್ದು ಬಾವಲಿಯಲ್ಲ. ವರ್ಷವಿಡೀ ಬೆಲ್ ಹೊಡೆದರೆ ಕ್ಯಾಮೆರಾದಲ್ಲಿ ನೋಡಿ ಸುಮ್ಮನಾಗುವ ಜನ, ಆ ಒಂದು ಸಂಜೆ ಮುಖವಾಡ ಹಾಕಿ ಬಂದವರಿಗೆಲ್ಲ ನಗುತ್ತಾ ಬಾಗಿಲು ತೆಗೆಯುತ್ತಾರೆ. ಜಗಲಿಯ ದೀಪ ಹೊತ್ತಿದ್ದರೆ ಬನ್ನಿ ಅಂತ, ಆರಿದ್ದರೆ ಬರಬೇಡಿ ಅಂತ. ಅದಕ್ಕೆ ಟೈಮಿಂಗೂ ಇದೆ. ನಿಮ್ಮ ಓಹಿಯೋದ ಎಷ್ಟೋ ಊರುಗಳಲ್ಲಿ ಆಡಳಿತದವರೇ ಸಮಯ ಗೊತ್ತು ಮಾಡುತ್ತಾರೆ, ಸಾಮಾನ್ಯವಾಗಿ ಸಂಜೆ 6ರಿಂದ 8. ದೆವ್ವ ಭೂತ ಎಲ್ಲ ಎರಡು ಗಂಟೆಯ ಡ್ಯೂಟಿ ಮುಗಿಸಿ ಮನೆಗೆ ಹೋಗಬೇಕು. ಇದರಲ್ಲೇ ಒಂದು ಕಾಮಿಡಿ ಇದೆ, ಅಲ್ವಾ? ಅದು ನಿಮ್ಮ 118 ಪುಟದಲ್ಲಿ ಎಲ್ಲೂ ಇಲ್ಲ. ಅಲ್ಲೇ ಇರುವವರು ನೀವು, ನಾನು ಇಲ್ಲಿ ಬಸವನಗುಡಿಯಲ್ಲಿ ಕೂತು ನಿಮಗೆ ಹೇಳಬೇಕಾಗಿದೆ.

'ಟ್ರಿಕ್ ಆರ್ ಟ್ರೀಟ್' ನೋಡಿದ್ದೀರಿ ಅಂತ ಬರೆದಿದ್ದೀರಿ. ಮೈಕಲ್ ಡೋಹರ್ಟಿಯ 2007ರ ಸಿನಿಮಾ. ಥಿಯೇಟರಿಗೆ ಸರಿಯಾಗಿ ಬರಲೇ ಇಲ್ಲ, ಎರಡು ವರ್ಷ ಡಬ್ಬಿಯಲ್ಲೇ ಇದ್ದು 2009ರಲ್ಲಿ ನೇರವಾಗಿ ಡಿವಿಡಿಗೆ ಬಂತು, ಆಮೇಲೆ ಜನ ಹುಡುಕಿಕೊಂಡು ಹೋಗಿ ನೋಡಿದರು. ಅದರ ಕತೆಯೂ ನಿಮ್ಮ ಓಹಿಯೋದಲ್ಲೇ, ಒಂದು ಕಲ್ಪಿತ ಊರಿನಲ್ಲಿ ನಡೆಯುತ್ತದೆ. ನೀವು ಅದರಿಂದ ಗೋಣಿ ಮುಖವಾಡದ ಪುಟ್ಟ ಪೋರನನ್ನು ಎತ್ತಿಕೊಂಡಿದ್ದೀರಿ (ಗೋಣಿ ತೆಗೆದು ರಟ್ಟಿನ ಡಬ್ಬ ಹಾಕಿದರೆ ಗೊತ್ತಾಗಲ್ಲ ಅಂದುಕೊಂಡಿರಾ?). ಎತ್ತಿಕೊಳ್ಳಬೇಕಿದ್ದದ್ದು ಅವನ ಕೆಲಸವನ್ನು. ಆ ಪೋರ ಸುಮ್ಮಸುಮ್ಮನೆ ಯಾರನ್ನೂ ಕೊಲ್ಲಲ್ಲ. ಆ ರಾತ್ರಿಗೆ ಕಟ್ಟುಪಾಡುಗಳಿವೆ, ಮುರಿದವರ ಬಳಿ ಅವನು ಬರುತ್ತಾನೆ. ಸಿನಿಮಾದ ಮೊದಲಲ್ಲೇ ಒಬ್ಬಾಕೆ ರಾತ್ರಿ ಮುಗಿಯುವ ಮೊದಲು, ಮುಖ ಕೆತ್ತಿ ಒಳಗೆ ಹಚ್ಚಿಟ್ಟ ಕುಂಬಳಕಾಯಿಯ ದೀಪ ಆರಿಸುತ್ತಾಳೆ, ಗಂಡ ಬೇಡ ಅಂದರೂ ಕೇಳಲ್ಲ. ಅವಳ ಕತೆ ಅಲ್ಲಿಗೇ ಮುಗಿಯುತ್ತದೆ. ಕೊನೆಯ ಭಾಗದಲ್ಲಿ, ಮಕ್ಕಳಿಗೆ ಒಂದು ಚಾಕಲೇಟೂ ಕೊಡದ ಮುದುಕನ ಎದೆಗೆ ಅವನು ಚುಚ್ಚಲು ಹೋದರೆ, ಅಲ್ಲಿ ಬಿದ್ದಿದ್ದ ಚಾಕಲೇಟ್ ಬಾರ್‌ಗೆ ಚುಚ್ಚುತ್ತದೆ. ಅದನ್ನೇ ತೆಗೆದುಕೊಂಡು ಹೊರಟುಬಿಡುತ್ತಾನೆ. ಅವನಿಗೆ ಬರಬೇಕಾದದ್ದು ಬಂತು, ಲೆಕ್ಕ ಚುಕ್ತಾ. ನಗುವೂ ಬರುತ್ತದೆ, ಮೈಯೂ ಜುಂ ಅನ್ನುತ್ತದೆ. ಇಡೀ ಸಿನಿಮಾ ಇರುವುದು 82 ನಿಮಿಷ, ಅಷ್ಟರಲ್ಲಿ ನಾಲ್ಕು ಕತೆ ಒಂದರೊಳಗೊಂದು ಹೆಣೆದುಕೊಂಡಿವೆ. ನಿಮ್ಮದು ಪುಟಕ್ಕೊಂದು ನಿಮಿಷದ ಲೆಕ್ಕದಲ್ಲಿ ಎರಡು ಗಂಟೆ ಹತ್ತಿರ.

ನಗುವಿನ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ನಿಮ್ಮ ಪಾತ್ರಗಳೆಲ್ಲ ಜೋಕ್ ಹೇಳುತ್ತವೆ. ಜೋಳದ ಹೊಲದಲ್ಲಿ ಗೆಳೆಯನ ಕೈ ತುಂಡಾಗಿ ಬಿದ್ದಿದೆ, ಪಕ್ಕದಲ್ಲಿದ್ದವನು "ಮಗಾ, ನಿಂಗೆ ಒಂದು ಕೈ ಕೊಡ್ಲಾ?" ಅಂತಾನೆ. ಓದುತ್ತಾ ನನಗೆ ನಿಮ್ಮ ಮೇಲೆ ಕನಿಕರ ಬಂತು. ಪಾತ್ರಕ್ಕೇ ಭಯ ಇಲ್ಲದಿದ್ದರೆ ನನಗೆ ಎಲ್ಲಿಂದ ಬರಬೇಕು? ಹಾರರ್ ಕಾಮಿಡಿಯಲ್ಲಿ ಪಾತ್ರಗಳಿಗೆ ತಾವು ಕಾಮಿಡಿಯಲ್ಲಿದ್ದೇವೆ ಅಂತ ಗೊತ್ತಿರಬಾರದು. ಈಗ ಹೇಳಿದ ಸಿನಿಮಾದಲ್ಲೇ ನೋಡಿ, ಶಾಲೆಯ ಪ್ರಿನ್ಸಿಪಾಲ್ ಒಬ್ಬ ಹಿತ್ತಲಿನಲ್ಲಿ ರಾತ್ರಿ ಹೆಣ ಹೂಳುತ್ತಿದ್ದಾನೆ. ಅವನ ಕಷ್ಟ ಏನು? ಪೊಲೀಸರಲ್ಲ. ಪಕ್ಕದ ಮನೆಯ ನಾಯಿ ಬೊಗಳುತ್ತದೆ, ಬೇಲಿಯ ಆಚೆಯಿಂದ ಮುದುಕ ಬೈಯುತ್ತಾನೆ, ಮೇಲಿನ ಕಿಟಕಿಯಿಂದ ಸ್ವಂತ ಮಗ ಅಪ್ಪಾ ಅಪ್ಪಾ ಅಂತ ಕಿರುಚುತ್ತಾನೆ. ಕೆಲಸದ ಮಧ್ಯೆ ಮನೆಯವರು ಕರೆದರೆ ನಮಗೆ ಆಗುವ ಕಿರಿಕಿರಿಯೇ ಅದು, ಕೈಯಲ್ಲಿರುವ ಕೆಲಸ ಮಾತ್ರ ಬೇರೆ. ನಾವು ನಗುತ್ತೇವೆ, ಆಮೇಲೆ ಯಾರ ಪರವಾಗಿ ನಗುತ್ತಿದ್ದೇವೆ ಅಂತ ಹೊಳೆದು ಗಂಟಲು ಒಣಗುತ್ತದೆ. ಸ್ವಲ್ಪ ಹೊತ್ತಿಗೆ ಆ ಪಕ್ಕದ ಮನೆ ಮುದುಕ ಕಿಟಕಿಯಲ್ಲಿ ನಿಂತು ಕಾಪಾಡಿ ಅಂತ ಕೂಗುತ್ತಾನೆ, ಇವನು ಹಾಳಾಗಿ ಹೋಗು ಅನ್ನುವ ಹಾಗೆ ಬೈದು ಒಳಗೆ ಹೋಗುತ್ತಾನೆ. ಆ ಕಿಟಕಿಯ ಹಿಂದೆ ಏನಿತ್ತು ಅಂತ ನಮಗೆ ತಿಳಿಯುವುದು ಕೊನೆಯ ಕತೆಯಲ್ಲಿ. ಕತೆಗಳನ್ನು ಪೋಣಿಸುವುದು ಅಂದರೆ ಇದು.

ವಿಷದ ಚಾಕಲೇಟ್ ಕತೆ ಬಗ್ಗೆ ಒಂದು ಮಾತು. ಅಪರಿಚಿತನೊಬ್ಬ ಬೀದಿಯ ಮಕ್ಕಳಿಗೆ ವಿಷ ಹಂಚುತ್ತಾನೆ ಅನ್ನುವುದು ಅಮೆರಿಕದ ಅಪ್ಪ ಅಮ್ಮಂದಿರ ಹಳೇ ಭಯ. ಆದರೆ ಎಲ್ಲರೂ ನೆನೆಸಿಕೊಳ್ಳುವ ಆ ಕೇಸಿನಲ್ಲಿ ಆದದ್ದು ಬೇರೆ. 1974ರ ಹಾಲೋವೀನ್ ರಾತ್ರಿ ಟೆಕ್ಸಾಸ್‌ನಲ್ಲಿ ಎಂಟು ವರ್ಷದ ಹುಡುಗನಿಗೆ ಸೈನೈಡ್ ಬೆರೆಸಿದ ಮಿಠಾಯಿ ಕೊಟ್ಟವನು ಅವನ ಸ್ವಂತ ಅಪ್ಪ. ಇನ್ಶೂರೆನ್ಸ್ ದುಡ್ಡಿಗೆ. ಹೊರಗಿನವನ ಮೇಲೆ ಅನುಮಾನ ಬರಲಿ ಅಂತಲೇ ಆ ರಾತ್ರಿಯನ್ನು ಆರಿಸಿಕೊಂಡಿದ್ದ. ಇದು ಗೊತ್ತಾದ ಮೇಲೂ ಮುಸುಕಿನ ಅಪರಿಚಿತನನ್ನೇ ಬರೆಯುತ್ತೇನೆ ಅಂದರೆ ನಿಮ್ಮಿಷ್ಟ. ನಾನಾದರೆ ಆ ಕತೆಯನ್ನೇ ಬಿಟ್ಟು ಅದರ ಭಯವನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ಅದು ಅಜ್ಜಿಗೆ ಬೇಕಾಗುತ್ತದೆ.

ಪುಟ 97. ಮಗ ಸೊಸೆ ಪಾರ್ಟಿಗೆ ಹೋಗಿದ್ದಾರೆ. ಬಂದ ಮಕ್ಕಳಿಗೆ ಚಾಕಲೇಟ್ ಕೊಡಮ್ಮ ಅಂತ ಅಜ್ಜಿಯನ್ನು ಕೂರಿಸಿ ಹೋಗಿದ್ದಾರೆ. ಚಾಕಲೇಟ್ ಮುಗಿದುಹೋಗುತ್ತದೆ. ಅಜ್ಜಿ ಒಳಗೆ ಹೋಗಿ ಊರಿಂದ ತಂದ ಸ್ಟೀಲ್ ಡಬ್ಬಿ ತೆಗೆದು ಮಕ್ಕಳಿಗೆ ಕೋಡುಬಳೆ ಹಂಚುತ್ತಾಳೆ. ಗೇಟಿನ ಆಚೆ ಹೋದ ಮೇಲೆ ಅಪ್ಪ ಅಮ್ಮಂದಿರು ಅದನ್ನು ಮೆಲ್ಲಗೆ ಕಸದ ಡಬ್ಬಕ್ಕೆ ಹಾಕುತ್ತಾರೆ, ಯಾಕಂದರೆ ಅಲ್ಲಿ ಕಂಪನಿ ಪ್ಯಾಕಿಂಗ್ ಇಲ್ಲದ್ದನ್ನು ಯಾರೂ ಮಗುವಿಗೆ ತಿನ್ನಿಸಲ್ಲ. ಅಜ್ಜಿ ಇದನ್ನು ಕಿಟಕಿಯಿಂದ ನೋಡುತ್ತಾಳೆ. ಅರ್ಧ ಪುಟ, ಒಂದೂ ಜೋಕ್ ಇಲ್ಲ, ಸೀನ್ ಮುಗಿಯಿತು. ಮುಂದಿನ ಪುಟದಲ್ಲಿ ನೀವು ಅಜ್ಜಿಯ ಮೈಮೇಲೆ ದೆವ್ವ ಬರಿಸಿ ಇಂಗ್ಲಿಷ್ ಮಾತಾಡಿಸಿದ್ದೀರಿ. ಛೆ!

ಸ್ವಾಮಿ, ನಿಮ್ಮ ಸಿನಿಮಾ ಈ ಅಜ್ಜಿ. ಆ ಊರಿಗೆ ಆ ರಾತ್ರಿಯದೊಂದು ಪದ್ಧತಿ, ಅಜ್ಜಿಗೆ ತನ್ನದೇ ಒಂದು ಪದ್ಧತಿ, ಎರಡೂ ಪೂರ್ತಿ ಉಲ್ಟಾ. ಕತ್ತಲಾದ ಮೇಲೆ ಯಾರಾದರೂ ಕೂಗಿದರೆ ಒಂದೇ ಕೂಗಿಗೆ ಓಗೊಡಬಾರದು, ದೆವ್ವ ಆದರೆ ಮೂರು ಸಲ ಕೂಗಲ್ಲ ಅಂತ ಅವಳು ಚಿಕ್ಕಂದಿನಿಂದ ಕೇಳಿದ್ದಾಳೆ. ಇಲ್ಲಿ ನೋಡಿದರೆ ಬೆಲ್ ಆದ ತಕ್ಷಣ ತೆಗೆಯಬೇಕಂತೆ. ಅವಳು ಮೂರು ಬೆಲ್ ಆಗುವ ತನಕ ಕಾಯಲಿ. ಹೊರಗೆ ಸ್ಪೈಡರ್‌ಮ್ಯಾನ್ ವೇಷದ ಮಗು ಚಳಿಯಲ್ಲಿ ನಿಂತಿರಲಿ, ಅವರಮ್ಮ ಮೊಬೈಲ್ ನೋಡುತ್ತಿರಲಿ. ಇನ್ನು ಜಗಲಿಯ ಕುಂಬಳಕಾಯಿ. ಮುಖ ಕೆತ್ತಿದ ಕುಂಬಳಕಾಯಿ ನೋಡಿ ಅಜ್ಜಿಗೆ ಆಶ್ಚರ್ಯ ಯಾಕೆ ಆಗಬೇಕು? ಬೆಂಗಳೂರಿನಲ್ಲಿ ಕಟ್ಟುವ ಮನೆಗಳ ಮುಂದೆ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ನೇತುಹಾಕಿದ್ದನ್ನು ನೋಡಿಯೇ ಬಂದವಳು. ದೃಷ್ಟಿಗೆ ಇಟ್ಟಿದ್ದಾರೆ ಅಂದುಕೊಳ್ಳುತ್ತಾಳೆ, ಪರವಾಗಿಲ್ಲ ಇಲ್ಲಿಯವರಿಗೂ ಬುದ್ಧಿ ಇದೆ ಅಂತ ಮೆಚ್ಚಿಕೊಳ್ಳುತ್ತಾಳೆ. ದೃಷ್ಟಿಗೆ ಇಟ್ಟದ್ದನ್ನು ಏನು ಮಾಡಬೇಕು? ಕರ್ಪೂರ ಹಚ್ಚಿ ನಿವಾಳಿಸಿ ಬೀದಿಗೆ ಒಡೆಯಬೇಕು. ಒಡೆಯುತ್ತಾಳೆ. ಆ ಊರಿನ ದೆವ್ವಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ನಿಮ್ಮ ನಾಲ್ಕನೇ ಕತೆಯ ಕುಂಬಳಕಾಯಿ ಯಾಕೆ ಜೀವ ಪಡೆಯಿತು ಅನ್ನುವುದಕ್ಕೆ ಕಾರಣವೂ ಸಿಕ್ಕಿತು. ನೀವು ಬರೆದಿರುವಂತೆ ಸಿಡಿಲು ಹೊಡೆಯಬೇಕಾಗಿಲ್ಲ.

ಆಮೇಲೆ ಬರಲಿ ಕೊನೆಯ ಮಗು. ಗಂಟೆ ಎಂಟಾಗಿದೆ, ಬೀದಿ ಖಾಲಿ. ಬೆಲ್ ಮೂರು ಸಲ ಆಗುತ್ತದೆ, ಅಂದರೆ ಅಜ್ಜಿಯ ಲೆಕ್ಕದಲ್ಲಿ ದೆವ್ವ ಅಲ್ಲ. ಅಲ್ಲೇ ಅವಳು ಮೋಸ ಹೋಗುವುದು. ಕೋಡುಬಳೆ ಕೊಡುತ್ತಾಳೆ. ಈ ಮಗು ಎಸೆಯಲ್ಲ, ನಮ್ಮ ಮಕ್ಕಳ ಹಾಗೇ ಬೆರಳಿಗೆ ಹಾಕಿಕೊಳ್ಳುತ್ತದೆ. ಕೋಡುಬಳೆ ಬೆರಳಿನಲ್ಲಿ ನಿಲ್ಲಲ್ಲ, ಕಟ ಕಟ ಅಂತ ಸದ್ದು ಮಾಡುತ್ತಾ ಗಿಣ್ಣು ದಾಟಿ ಕೆಳಗೆ ಜಾರುತ್ತದೆ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ಏನೆನ್ನುತ್ತಾಳೆ? "ಅಯ್ಯೋ, ಎಷ್ಟು ಸೊರಗಿದ್ದೀಯೋ! ಮನೇಲಿ ಊಟ ಹಾಕಲ್ವಾ?" ಅವಳಿಗೆ ಇದು ಜೋಕ್ ಅಲ್ಲ. ಒಳಗೆ ಕರೆದು ಅನ್ನ ಸಾರು ಬಡಿಸುವುದಕ್ಕೂ ರೆಡಿ. ಕಸದ ಡಬ್ಬಕ್ಕೆ ಹೋಗದೆ ಉಳಿದ ಕೋಡುಬಳೆ ಅದೊಂದೇ.

ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಸುವ ಆಸೆ ನಿಮಗೆ ಬಂದೇ ಬರುತ್ತದೆ, ತೊಂಬತ್ತರ ದಶಕದ ಬೆಂಗಳೂರು ನೋಡಿದ ಯಾರಿಗಾದರೂ ಬರುತ್ತದೆ. ಬರೆಸಿ, ಆದರೆ ಅದನ್ನು ಸುಮ್ನೆ ಹಳೇ ನೆನಪಿಗೆ ಅಂತ ಬರೆಸಬೇಡಿ. ಓಹಿಯೋದ ದೆವ್ವಕ್ಕೆ ಕನ್ನಡ ಓದಲು ಬರಲ್ಲ. ಅದು ಅಕ್ಷರದ ಮುಂದೆ ತಲೆ ಓರೆ ಮಾಡಿ ನಿಲ್ಲಲಿ. ಮೊಮ್ಮಗಳಿಗೂ ಬರಲ್ಲ, ಅದು ಇನ್ನೊಂದು ವಿಷಯ, ಅದನ್ನು ಬಾಯಿ ಬಿಟ್ಟು ಹೇಳಬೇಡಿ, ಇಬ್ಬರನ್ನೂ ಒಂದೇ ಫ್ರೇಮಿನಲ್ಲಿ ನಿಲ್ಲಿಸಿ ಸಾಕು. ಅಂದಹಾಗೆ ಆ 'ನಾಳೆ' ನವೆಂಬರ್ 1. ಏನು ಮಾಡಿಕೊಳ್ಳುತ್ತೀರೋ ನೋಡಿ.

ಉಳಿದದ್ದು ಬೇಗ ಹೇಳುತ್ತೇನೆ. ಐದು ಕತೆ ಮೂರಾಗಲಿ. 2015ರ 'ಟೇಲ್ಸ್ ಆಫ್ ಹಾಲೋವೀನ್'ನಲ್ಲಿ ಹತ್ತು ಕತೆ ತುರುಕಿದ್ದಾರೆ, ರೇಡಿಯೊ ನಿರೂಪಕಿಯ ದನಿಯೊಂದು ಅವನ್ನು ಹಿಡಿದಿಟ್ಟಿದೆ, ಆದರೂ ಮರುದಿನ ನನಗೆ ನೆನಪಿದ್ದದ್ದು ಎರಡೋ ಮೂರೋ. ಅದರಲ್ಲೊಂದು, ಶ್ರೀಮಂತನ ಮಗನನ್ನು ಅಪಹರಿಸಿದ ಇಬ್ಬರು ಕಳ್ಳರದ್ದು. ಅಪ್ಪನಿಗೆ ಅವನನ್ನು ವಾಪಸ್ ಕರೆದುಕೊಳ್ಳುವ ಮನಸ್ಸೇ ಇಲ್ಲ, ಯಾಕಂದರೆ ಅದು ಮಗುವೇ ಅಲ್ಲ. ಒಂದೇ ಉಸಿರಿನಲ್ಲಿ ಹೇಳಬಹುದು ನೋಡಿ. ನಿಮ್ಮ ಜೋಳದ ಹೊಲದ ಕತೆ ಹೇಳಲು ನನಗೆ ಆರು ವಾಕ್ಯ ಬೇಕಾಯಿತು, ಆಮೇಲೂ ನನ್ನ ಹೆಂಡತಿ "ಯಾರು ಸತ್ತಿದ್ದು?" ಅಂತ ಕೇಳಿದಳು. ನಮಗೂ ಬಿಡಿಕತೆಗಳ ಸಿನಿಮಾ ಹೊಸದಲ್ಲ, ಪುಟ್ಟಣ್ಣ ಕಣಗಾಲ್ 1976ರಲ್ಲೇ 'ಕಥಾಸಂಗಮ'ದಲ್ಲಿ ಮೂರು ಕತೆ ಹೇಳಿದ್ದರು. ನಿಮ್ಮ ಮೂರೂ ಒಂದೇ ಬೀದಿಯಲ್ಲಿ ಆ ಎರಡು ಗಂಟೆಯೊಳಗೆ ನಡೆಯಲಿ, ಒಂದರ ಕಿಟಕಿಯಿಂದ ಇನ್ನೊಂದು ಕಾಣಲಿ.

ಮಾತು. ನಿಮ್ಮ ಅಮೆರಿಕನ್ ಮಕ್ಕಳು ಬಾಗಿಲಲ್ಲಿ ನಿಂತು "ಉಪಚಾರ ಮಾಡಿ, ಇಲ್ಲವೇ ತಂತ್ರ ಮಾಡುವೆವು" ಅನ್ನುತ್ತಾರೆ. ದಯವಿಟ್ಟು ಬೇಡ. "ಟ್ರಿಕ್ ಆರ್ ಟ್ರೀಟ್" ಅಂತಲೇ ಇರಲಿ, ಅಜ್ಜಿ ಅದನ್ನು ಏನಂತ ಕೇಳಿಸಿಕೊಂಡಳು ಅನ್ನುವುದು ನಿಮ್ಮ ಕೆಲಸ. ಅಮೆರಿಕದಲ್ಲೇ ಡೆಮಾಯ್ನ್, ಸೇಂಟ್ ಲೂಯಿಸ್ ಊರುಗಳಲ್ಲಿ ಮಕ್ಕಳು ಮೊದಲು ಒಂದು ಜೋಕ್ ಹೇಳಿ ಆಮೇಲೆ ಚಾಕಲೇಟ್ ಇಸಿದುಕೊಳ್ಳುವ ರೂಢಿ ಇದೆ. ನಿಮಗೆ ಜೋಕ್ ಹೇಳಿಸಲೇಬೇಕು ಅಂತಿದ್ದರೆ ಆ ಮಕ್ಕಳ ಬಾಯಲ್ಲಿ ಹೇಳಿಸಿ, ಒಂದೂ ಅರ್ಥವಾಗದೆ ಅಜ್ಜಿ ಕೋಡುಬಳೆ ಕೊಡಲಿ.

ಈಗಿನ ಪ್ರತಿಯನ್ನು ನಾವು ತೆಗೆದುಕೊಳ್ಳುವುದಿಲ್ಲ. ಮೂರು ಕತೆ, ತೊಂಬತ್ತು ಪುಟದೊಳಗೆ, ಅಜ್ಜಿಯಿಂದ ಶುರು ಮಾಡಿ ಕಳಿಸಿದರೆ ನಾನೇ ಓದುತ್ತೇನೆ, ಬೇರೆಯವರಿಗೆ ದಾಟಿಸುವುದಿಲ್ಲ. ಇನ್ನೊಂದು, ಪುಟ 31ರಲ್ಲಿ ಸತ್ತ ಬೆಕ್ಕು ಪುಟ 40ರಲ್ಲಿ ಹಾಲು ಕುಡಿಯುತ್ತಿದೆ. ಕೈತಪ್ಪಾದರೆ ತಿದ್ದಿ. ಬೇಕಂತಲೇ ಮಾಡಿದ್ದಾದರೆ ಹಾಗೇ ಬಿಡಿ, ಅದನ್ನು ಓದಿದಾಗ ಒಂದು ಕ್ಷಣ ಹಿಂದಿನ ಪುಟಕ್ಕೆ ಹೋಗಿ ನೋಡಿದ್ದೆ.