ವೈಟ್‌ಫೀಲ್ಡ್ ಹಳ್ಳಿಯಾಗಿದ್ದಾಗ ಅಲ್ಲಿ ಎಷ್ಟು ಜನ ಇದ್ದರು?

ಬೆಂಗಳೂರಿನ ವೈಟ್‌ಫೀಲ್ಡ್ ಮೊದಲು ಸಣ್ಣ ಹಳ್ಳಿಯಾಗಿತ್ತಂತೆ, ಆಗ ಎಷ್ಟು ಜನ ಇದ್ದರು, ಈಗ ಎಷ್ಟಿದ್ದಾರೆ ಅಂತ ಕೇಳಿದ್ದೀರಿ. ನಾನು ಪಕ್ಕದ ಇಮ್ಮಡಿಹಳ್ಳಿಯವನು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

1907ರಲ್ಲಿ ಅಲ್ಲಿದ್ದದ್ದು 45 ಮನೆ, 130 ಜನ. ಅಷ್ಟೇ. ಲೆಕ್ಕ ಹಾಕಿದರೆ ಮನೆಗೆ ಮೂರು ಜನರೂ ಬರುವುದಿಲ್ಲ. ಆ ಕಾಲದ ನಮ್ಮ ಹಳ್ಳಿಗಳಲ್ಲಿ ಒಂದೇ ಸೂರಿನಡಿ ಹತ್ತು ಹನ್ನೆರಡು ಜನ ಇರುವ ಮನೆಗಳೂ ಇರುತ್ತಿದ್ದವು ಅಲ್ವಾ? ಇಲ್ಲಿ ಹಾಗಿರಲಿಲ್ಲ, ಯಾಕೆಂದರೆ ಇದು ತಾನಾಗಿ ಬೆಳೆದ ಊರಲ್ಲ, ಬೇಕು ಅಂತಲೇ ಕಟ್ಟಿದ ಊರು.

1882ರಲ್ಲಿ ಮೈಸೂರಿನ ಮಹಾರಾಜರಾಗಿದ್ದ ಹತ್ತನೇ ಚಾಮರಾಜ ಒಡೆಯರ್ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ (ಯುರೋಪಿಯನ್, ಭಾರತೀಯ ಮೂಲ ಬೆರೆತವರ) ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಆ ಸಮುದಾಯದವರು ಬೇಸಾಯ ಮಾಡಿ ತಮ್ಮ ಕಾಲ ಮೇಲೆ ನಿಲ್ಲಲಿ ಅನ್ನುವುದು ಉದ್ದೇಶ. ಸಂಘ ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರನ್ನೇ ಊರಿಗಿಟ್ಟರು. ಬಿಳಿಯರ ಹೊಲ ಇದ್ದದ್ದರಿಂದ ವೈಟ್‌ಫೀಲ್ಡ್ ಆಯಿತು ಅಂತ ತುಂಬಾ ಜನ ಹೇಳುತ್ತಾರೆ. ಅದು ತಪ್ಪು. ಊರು ಕಟ್ಟಿದ್ದು ಹೀಗೆ: ನಡುವೆ ಬಯಲು, ಅದರ ಸುತ್ತ ದುಂಡಗೆ ರಸ್ತೆ, ರಸ್ತೆ ಬದಿಯಲ್ಲಿ ದೊಡ್ಡ ಕಾಂಪೌಂಡಿನ ಮನೆಗಳು. ಈಗಲೂ ಇನ್ನರ್ ಸರ್ಕಲ್ ಅನ್ನುವುದು ಆ ಜಾಗಕ್ಕೇ.

ಆದರೆ ಜನ ಹೆಚ್ಚಲಿಲ್ಲ. ಆಂಗ್ಲೋ ಇಂಡಿಯನ್ ಹುಡುಗರಿಗೆ ರೈಲ್ವೆಯಲ್ಲಿ, ತಂತಿ ಇಲಾಖೆಯಲ್ಲಿ ಕೆಲಸ ಸಿಗುತ್ತಿತ್ತು. ಮಳೆ ನಂಬಿಕೊಂಡು ಒಣಭೂಮಿ ಉಳುವುದಕ್ಕಿಂತ ತಿಂಗಳ ಸಂಬಳ ಮೇಲು. ಸ್ವಾತಂತ್ರ್ಯ ಬಂದ ಮೇಲೆ ಆ ಸಮುದಾಯದ ಎಷ್ಟೋ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗೆ ಹೊರಟುಹೋದವು. ನಮ್ಮಜ್ಜಿ ಆ ಬಂಗಲೆಗಳಿಗೆ ಹಾಲು ಹಾಕುತ್ತಿದ್ದರು. ವರ್ಷ ವರ್ಷಕ್ಕೂ ವರ್ತನೆ ಮನೆ ಕಡಿಮೆಯಾಗುತ್ತಾ ಬಂತು, ಕೊನೆಗೆ ವಯಸ್ಸಾದವರೇ ಉಳಿದಿದ್ದರು ಅನ್ನುತ್ತಿದ್ದರು.

ಒಂದು ವಿಷಯ ಮಾತ್ರ ಒತ್ತಿ ಹೇಳಬೇಕು. ಈ ಭಾಗದ ಚರಿತ್ರೆ 1882ಕ್ಕೆ ಶುರುವಾಗಿಲ್ಲ. ಕಾಡುಗೋಡಿಯಲ್ಲಿ 1043ರ ಒಂದು ತಮಿಳು ಶಾಸನ ಇದೆ, ಚೋಳರ ಕಾಲದ್ದು. ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಅಂದರೆ ವೈಟ್‌ಫೀಲ್ಡ್ ಹುಟ್ಟುವುದಕ್ಕೆ 800 ವರ್ಷಕ್ಕೂ ಮೊದಲೇ ಇಲ್ಲಿ ಕೆರೆ ಇತ್ತು, ಊರಿತ್ತು. ಎಲ್ಲಕ್ಕಿಂತ ಕಿರಿಯ ಊರಿನ ಹೆಸರು ಹಿರಿಯ ಊರುಗಳ ಮೇಲೆಲ್ಲ ಹರಡಿಕೊಂಡಿತು. ನನಗೆ ಬೇಜಾರಾಗುವುದು ಇದಕ್ಕೇ.

ಹೀಗೆ ಹರಡಿದ್ದು 1990ರ ದಶಕದಲ್ಲಿ ಐಟಿಪಿಎಲ್ ಅನ್ನುವ ದೊಡ್ಡ ಐಟಿ ಪಾರ್ಕ್ ಬಂದ ಮೇಲೆ. ಅದು ಎದ್ದದ್ದು ಹಳೇ ವೈಟ್‌ಫೀಲ್ಡ್‌ನಲ್ಲಲ್ಲ, ಪಟ್ಟಂದೂರು ಅಗ್ರಹಾರದಲ್ಲಿ. ಆದರೂ ಎಲ್ಲರ ಬಾಯಲ್ಲಿ ವೈಟ್‌ಫೀಲ್ಡ್ ಆಯಿತು. ಆಮೇಲೆ ಹೂಡಿ, ನಲ್ಲೂರಹಳ್ಳಿ, ಚನ್ನಸಂದ್ರ ಎಲ್ಲ ಕಡೆಯ ಅಪಾರ್ಟ್‌ಮೆಂಟುಗಳೂ ಅದೇ ವಿಳಾಸ ಹಾಕಿಕೊಂಡವು.

ಈಗಿನ ಜನಸಂಖ್ಯೆಗೆ ಒಂದೇ ಅಂಕಿ ಕೊಡಲು ಆಗದಿರುವುದೂ ಇದರಿಂದಲೇ. 2007ರಲ್ಲಿ ಈ ಭಾಗ ಬಿಬಿಎಂಪಿಗೆ ಸೇರಿತು. ಆಮೇಲೆ ಮಾಡಿದ 198 ವಾರ್ಡುಗಳಲ್ಲಿ ವೈಟ್‌ಫೀಲ್ಡ್ ಅನ್ನುವ ವಾರ್ಡೇ ಇರಲಿಲ್ಲ. ಹಗದೂರು, ಕಾಡುಗೋಡಿ, ಹೂಡಿ ಅಂತ ಹಂಚಿಹೋಗಿತ್ತು. ಯಾರಾದರೂ ಸುಮ್ನೆ ಇಷ್ಟು ಲಕ್ಷ ಅಂದರೆ, ಯಾವ ಯಾವ ಊರು ಸೇರಿಸಿದ್ದೀರಿ ಅಂತ ಮೊದಲು ಕೇಳಿ.

ನೋಡಲು ಬರುವುದಾದರೆ ಮೆಟ್ರೋದಲ್ಲೇ ಬನ್ನಿ. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ಇಲ್ಲಿಗೆ ರೈಲು ಶುರುವಾಯಿತು. ಹೂಡಿ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ, ಹೀಗೆ ಹಳೇ ಹೆಸರುಗಳೇ ನಿಲ್ದಾಣಗಳಿಗೆ ಬಂದಿವೆ. ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ಒಂದೊಂದು ಹೆಸರು ಕೂಗಿದಾಗಲೂ ಅಲ್ಲಿ ನಮಗೆ ಯಾರು ನೆಂಟರಿದ್ದರು ಅಂತ ಅವರು ಹೇಳುತ್ತಾ ಬಂದರು.