ಓದುಗರ ಪ್ರಶ್ನೆ: ಬೆಳಗಾವಿಯ ಪಂಕ್ ಬ್ಯಾಂಡ್ ದಿನಗಳು

ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುವಾಗ ಪಂಕ್ ಬ್ಯಾಂಡ್ ಒಂದರಲ್ಲಿ ಗಿಟಾರ್ ಬಾರಿಸುತ್ತಿದ್ದೆ ಅಂತ ಹೋದ ಸಂಚಿಕೆಯಲ್ಲಿ ಒಂದೇ ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಇಷ್ಟೊಂದು ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪಂಕ್ ಅಂದರೆ ಏನು? ರಾಕ್‌ಗೂ ಅದಕ್ಕೂ ಏನು ವ್ಯತ್ಯಾಸ?
– ಓದುಗರು, ಮುಧೋಳ

ರಾಕ್‌ನದೇ ಒಂದು ಕವಲು. 1970ರ ದಶಕದ ನಡುವೆ ನ್ಯೂಯಾರ್ಕ್, ಲಂಡನ್ ಕಡೆ ಬೆಳೆಯಿತು. ಆ ಹೊತ್ತಿಗೆ ರಾಕ್ ಹಾಡುಗಳು ಉದ್ದವಾಗಿದ್ದವು, ವಾದ್ಯಗಳು ದುಬಾರಿಯಾಗಿದ್ದವು, ಹತ್ತು ವರ್ಷ ಕಲಿತವರೇ ಸ್ಟೇಜ್ ಹತ್ತಬೇಕು ಅನ್ನೋ ಹಾಗಿತ್ತು. ಪಂಕ್ ಹುಡುಗರು ಅದನ್ನು ಒಪ್ಪಲಿಲ್ಲ. 1976ರಲ್ಲಿ ಬಂದ ರಾಮೋನ್ಸ್ ಬ್ಯಾಂಡಿನ ಮೊದಲ ಆಲ್ಬಂನಲ್ಲಿ 14 ಹಾಡುಗಳಿವೆ, ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ. 1977ರಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಅಭಿಮಾನಿ ಪತ್ರಿಕೆ ಮೂರು ಕಾರ್ಡ್‌ಗಳ ಚಿತ್ರ ಬರೆದು (ಕಾರ್ಡ್ ಅಂದರೆ ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು), ಇಷ್ಟು ಸಾಕು, ಬ್ಯಾಂಡ್ ಕಟ್ಟಿ ಅಂತ ಹೇಳಿಬಿಟ್ಟಿತು. ಹಾಸ್ಟೆಲ್ ರೂಮಿನಲ್ಲಿ ಕೂತ ನಮಗೂ ಬೇಕಾಗಿದ್ದು ಆ ಒಂದು ಮಾತೇ.

ನಾನು ಹಾರ್ಮೋನಿಯಂ ಕಲಿಸಿ ನಿವೃತ್ತನಾದವನು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮಗೆ ಇಲ್ಲೇ ಪಕ್ಕ. ಇಂಥ ನೆಲದಲ್ಲಿದ್ದು ಆ ಗದ್ದಲವನ್ನು ಸಂಗೀತ ಅಂತೀರಲ್ಲ, ಅದರಲ್ಲಿ ಸ್ವರ ಎಲ್ಲಿದೆ?
– ಹಿರಿಯ ಓದುಗರು, ಬೆಳಗಾವಿ

ಗುರುಗಳೇ, ಸ್ವರ ಇದೆ. ಆದರೆ ಎರಡೇ. ಪಂಕ್‌ನಲ್ಲಿ ಜಾಸ್ತಿ ಬಳಸುವ ಪವರ್ ಕಾರ್ಡ್‌ನಲ್ಲಿ ಇರುವುದು ಷಡ್ಜ ಮತ್ತು ಪಂಚಮ, ಬೇಕಾದರೆ ಮೇಲಿನ ಷಡ್ಜವನ್ನೂ ಸೇರಿಸುತ್ತಾರೆ. ಗಾಂಧಾರವನ್ನು ಬೇಕಂತಲೇ ಬಿಡುತ್ತಾರೆ. ಡಿಸ್ಟಾರ್ಷನ್ ಹಾಕಿದಾಗ, ಅಂದರೆ ಗಿಟಾರಿನ ಸದ್ದನ್ನು ಬೇಕಂತಲೇ ಒರಟು ಮಾಡಿದಾಗ, ಪ್ರತಿ ಸ್ವರದ ಜೊತೆ ಅದರೊಳಗೇ ಅಡಗಿರುವ ಮೇಲಿನ ಸಣ್ಣ ಸ್ವರಗಳು, ಅಂದರೆ ಉಪಸ್ವರಗಳೂ ಎದ್ದು ಬರುತ್ತವೆ. ಗಾಂಧಾರವೂ ಸೇರಿಕೊಂಡರೆ ಅವೆಲ್ಲ ಒಂದಕ್ಕೊಂದು ತಿಕ್ಕಾಡಿ ರಾಡಿ ಆಗುತ್ತದೆ. ಸ-ಪ ಮಾತ್ರ ಇದ್ದರೆ ಎಷ್ಟು ಜೋರು ಮಾಡಿದರೂ ಒಂದೇ ಗಟ್ಟಿ ದನಿಯಾಗಿ ನಿಲ್ಲುತ್ತದೆ. ತಂಬೂರಿ ಶ್ರುತಿ ಮಾಡುವುದೂ ಸಾಮಾನ್ಯವಾಗಿ ಪ-ಸ ಇಟ್ಟುಕೊಂಡೇ ಅಲ್ವಾ? ಮಿರಜ್‌ನ ಕುಶಲಕರ್ಮಿಗಳು ತಂಬೂರಿಯ ಕುದುರೆಯನ್ನು, ಅಂದರೆ ತಂತಿ ಕೂರುವ ಪಟ್ಟಿಯನ್ನು, ಉಜ್ಜಿ ಉಜ್ಜಿ ಜವಾರಿ, ಅಂದರೆ ತಂತಿಯ ಝೇಂಕಾರ, ಕೂಡಿಸುತ್ತಾರೆ, ಹಾಡುವವರು ತಂತಿಯ ಕೆಳಗೆ ದಾರ ಸರಿಸಿ ಅದನ್ನು ತಿದ್ದಿಕೊಳ್ಳುತ್ತಾರೆ. ಆ ಝೇಂಕಾರ ಹುಟ್ಟುವುದೂ ಉಪಸ್ವರಗಳಿಂದಲೇ. ಇದು ಗೊತ್ತಾದ ಮೇಲೆ ನನ್ನ ಆಂಪ್ಲಿಫೈಯರಿನ ಸದ್ದನ್ನೇ ನಾನು ಬೇರೆ ಥರ ಕೇಳತೊಡಗಿದೆ.

ರಾಗದ ವಿಸ್ತಾರ ಇಲ್ಲಿ ಸಿಗುವುದಿಲ್ಲ, ಅದು ಸಿಗುತ್ತದೆ ಅಂತ ನಾನೂ ಹೇಳುವುದಿಲ್ಲ. ಇಲ್ಲಿ ಲಯವೇ ಎಲ್ಲ. ರಾಮೋನ್ಸ್‌ನ ಗಿಟಾರ್ ವಾದಕ ಜಾನಿ ರಾಮೋನ್ ಬಹುತೇಕ ಎಲ್ಲ ಏಟುಗಳನ್ನೂ ಮೇಲಿಂದ ಕೆಳಗೇ ಹೊಡೆಯುತ್ತಿದ್ದ. ನಿಮಿಷಕ್ಕೆ 180 ಬಡಿತ, ಬಡಿತಕ್ಕೆ ಎರಡು ಏಟು ಅಂದರೆ ಸೆಕೆಂಡಿಗೆ ಆರು ಆಯಿತು. ಒಂದೂ ಏಟು ಹಿಂದೆ ಬೀಳದ ಹಾಗೆ ಎರಡು ನಿಮಿಷ ಬಾರಿಸಿ ನೋಡಲಿ ಯಾರಾದರೂ, ಮುಂಗೈ ಕಲ್ಲಿನ ಹಾಗೆ ಸೆಟೆದುಕೊಳ್ಳುತ್ತದೆ. ಶುರು ಮಾಡುವುದು ಸುಲಭ, ನಾಲ್ಕು ಜನ ಒಟ್ಟಿಗೆ ನಿಲ್ಲಿಸುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಬೆವರು ಸುರಿಸಬೇಕು.

ಎಲ್ಲಿ ಪ್ರಾಕ್ಟೀಸ್ ಮಾಡ್ತಿದ್ರಿ? ಬೆಳಗಾವಿ ಅಂದರೆ ಹತ್ತು ಭಾಷೆಯ ಊರು, ಯಾವ ಭಾಷೆಯಲ್ಲಿ ಹಾಡ್ತಿದ್ರಿ?
– ಓದುಗ, ಚಿಕ್ಕೋಡಿ

ಉದ್ಯಮಬಾಗದಲ್ಲಿ ನಮ್ಮ ಬೇಸ್ ಗಿಟಾರಿನವನ ಕಾಕಾನ ಲೇತ್ ಶೆಡ್ ಇತ್ತು. ರಜೆ ದಿನ ಅದು ನಮ್ಮದು. ಸುತ್ತಲೂ ಫೌಂಡ್ರಿ, ವರ್ಕ್‌ಶಾಪುಗಳು. ನಮ್ಮ ಸದ್ದಿಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಾಡಿಗೆ ಅಂತ ಕಾಕಾ ಒಂದು ಪೈಸೆ ತಗೊಳ್ಳಲಿಲ್ಲ, ನೆಲ ಗುಡಿಸಿ ಹೋಗ್ರಪಾ ಅಂದಿದ್ದರು ಅಷ್ಟೇ. ಆದರೆ ಎಷ್ಟು ಗುಡಿಸಿದರೂ ಕಬ್ಬಿಣದ ಪುಡಿ ಉಳಿದೇ ಉಳಿಯುತ್ತಿತ್ತು. ಗಿಟಾರಿನ ತಂತಿಯ ಸದ್ದು ಹಿಡಿಯುವ ಪಿಕಪ್‌ನಲ್ಲಿ ಅಯಸ್ಕಾಂತ ಇರುತ್ತದಲ್ಲ, ಆ ಪುಡಿಯೆಲ್ಲ ಬಂದು ಅದಕ್ಕೇ ಮೆತ್ತಿಕೊಳ್ಳೋದು, ಸಣ್ಣ ಮೀಸೆ ಬಂದ ಹಾಗೆ. ಒರೆಸಿದರೆ ಹೋಗುತ್ತಿರಲಿಲ್ಲ. ಅಂಟು ಟೇಪನ್ನು ಒತ್ತಿ ಒತ್ತಿ ಕಿತ್ತು ತೆಗೆಯಬೇಕು. ಬಾಸ್ ಡ್ರಮ್ಮಿನ ಗುಂಯ್ ಸದ್ದು ಕಡಿಮೆ ಮಾಡುವುದಕ್ಕೆ ಒಳಗೆ ಡ್ರಮ್ಮರ್‌ನ ಅಜ್ಜಿ ಹೊಲಿದ ಕೌದಿ ತುರುಕಿದ್ದೆವು. ಬೆಳಗಾವಿ ಮಳೆಗಾಲ ನಿಮಗೆ ಗೊತ್ತೇ ಇದೆ, ಬಾರಿಸಿದ ಮೇಲೆ ಒಂದೊಂದೇ ತಂತಿಯನ್ನು ಒಣ ಬಟ್ಟೆಯಲ್ಲಿ ಒರೆಸದೇ ಹೋದರೆ ಮುಂದಿನ ವಾರಕ್ಕೆ ತುಕ್ಕು.

ನಾಲ್ವರ ಮನೆಯಲ್ಲಿ ನಾಲ್ಕು ಭಾಷೆ: ಕನ್ನಡ, ಮರಾಠಿ, ಉರ್ದು, ಕೊಂಕಣಿ. ಮೊದಮೊದಲು ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ ಇಂಗ್ಲಿಷ್ ಹಾಡುಗಳನ್ನೇ ಹಾಡುತ್ತಿದ್ದೆವು. ಲಂಡನ್ನಿನ ಸಿಟ್ಟು, ನ್ಯೂಯಾರ್ಕಿನ ಬೇಸರ. ಜನ ಚಪ್ಪಾಳೆ ತಟ್ಟುತ್ತಿದ್ದರು ನಿಜ, ಆದರೆ ಒಂದು ಪದವೂ ಅವರಿಗೆ ಮುಟ್ಟುತ್ತಿರಲಿಲ್ಲ. ಹೀಗಿರುವಾಗ ಒಂದು ಸಂಜೆ ಬಸ್ಸು ತಪ್ಪಿಸಿಕೊಂಡು ಶೆಡ್ಡಿಗೆ ತಡವಾಗಿ ಬಂದ ನಮ್ಮ ಹಾಡುಗಾರ, ಮನೆಯಲ್ಲಿ ಮರಾಠಿ ಆಡುವವನು, ಅದೇ ಸಿಟ್ಟಿನಲ್ಲಿ ಮೈಕ್ ಹಿಡಿದು ಕಿರುಚಿದ:

ಬರ್ತೈತಂತ ಬಸ್ಸು, ನಿಂತೀವಿ ನಾವು
ಬರೂದಿಲ್ಲ ಬಸ್ಸು, ಹೋಗೂದಿಲ್ಲ ನಾವು!

ಅಷ್ಟೇ ಹಾಡು. ಎರಡು ಕಾರ್ಡ್. ನಮ್ಮ ಕಡೆ ಮಾತಿನ ಏಟು ಆ ವೇಗಕ್ಕೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕಾಲೇಜ್ ಗ್ಯಾದರಿಂಗ್‌ನಲ್ಲಿ ಅದನ್ನು ಹಾಡಿದಾಗ ಹಳ್ಳಿಯಿಂದ ದಿನಾ ಓಡಾಡುವ ಹುಡುಗರು ಎರಡನೇ ಸಾಲಿಗೇ ದನಿಗೂಡಿಸಿದರು. ಗೀಗೀ ಪದದ ಮೇಳ ನೋಡಿದವರಿಗೆ ಇದು ಹೊಸದೇನಲ್ಲ: ಡಪ್ಪು, ತುಂತುಣಿ ಹಿಡಿದು ಒಬ್ಬರು ಎತ್ತಿಕೊಡುತ್ತಾರೆ, ಮೇಳದವರು ಗೀಗೀ ಅಂತ ದನಿ ಕೂಡಿಸುತ್ತಾರೆ, ಹರದೇಶಿ-ನಾಗೇಶಿ ಅಂತ ಎರಡು ಪಕ್ಷವಾಗಿ ಬೆಳತನಕ ವಾದಕ್ಕೆ ನಿಲ್ಲುತ್ತಾರೆ. ನಿಂತು ಜೋರಾಗಿ ಪ್ರಶ್ನೆ ಕೇಳುವ ಹಾಡು ನಮ್ಮ ಸೀಮೆಯಲ್ಲಿ ಮೊದಲಿನಿಂದಲೂ ಇದೆ. ನನ್ನ ಮಟ್ಟಿಗೆ ನಾವು ಬ್ಯಾಂಡ್ ಆಗಿದ್ದು ಆ ಬಸ್ಸಿನ ಹಾಡಿನಿಂದ. ಅದಕ್ಕೂ ಮೊದಲು ಬೇರೆಯವರ ಹಾಡು ಬಾರಿಸುವ ನಾಲ್ಕು ಹುಡುಗರು, ಅಷ್ಟೇ.

ನನ್ನ ಮಗ ಪಿಯುಸಿ. ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ್ದಾನೆ, ಓಣಿಯ ಗಣಪತಿ ಕಾರ್ಯಕ್ರಮದಲ್ಲಿ ಬಾರಿಸುತ್ತೇನೆ ಅಂತಾನೆ. ಬಿಡಲೋ ಬೇಡವೋ?
– ತಂದೆಯೊಬ್ಬರು, ವಿಜಯಪುರ

ಬಿಡಿ ಅಣ್ಣಾವ್ರೇ. ನೀವೂ ಹೋಗಿ ಮುಂದಿನ ಸಾಲಿನಲ್ಲಿ ಕೂತ್ಕೊಳ್ಳಿ. ಆದರೆ ಒಂದು ಕೆಲಸ ನಿಮ್ಮದು: ಎಲೆಕ್ಟ್ರಿಷಿಯನ್‌ನ ಕರೆದುಕೊಂಡು ಹೋಗಿ ಸ್ಟೇಜಿನ ಅರ್ಥಿಂಗ್ ನೋಡಿಸಿ. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ಥ್‌ಗೆ ಸೇರಿರುತ್ತದೆ, ಮೈಕು ಸೌಂಡ್ ಸಿಸ್ಟಮ್ಮಿನ ಅರ್ಥ್‌ಗೆ. ಎರಡರಲ್ಲಿ ಒಂದು ಕೆಟ್ಟಿದ್ದರೂ ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಇಟ್ಟವನ ಮೈಯಲ್ಲೇ ಕರೆಂಟ್ ಹರಿಯುತ್ತದೆ. ಒಂದು ಕಾರ್ಯಕ್ರಮದಲ್ಲಿ ನನ್ನ ತುಟಿಗೆ ಚುರ್ ಅಂದಿದ್ದು ಈಗಲೂ ನೆನಪಿದೆ. 1972ರಲ್ಲಿ ಲೆಸ್ ಹಾರ್ವಿ ಅನ್ನೋ ಸ್ಕಾಟ್ಲೆಂಡಿನ ಗಿಟಾರ್ ವಾದಕ ವೇಲ್ಸ್‌ನ ಸ್ವಾನ್ಸೀಯಲ್ಲಿ ಸ್ಟೇಜಿನ ಮೇಲೆ ಹೀಗೇ ಶಾಕ್ ಹೊಡೆದು ತೀರಿಕೊಂಡ. ಮಂಟಪಕ್ಕೆ ವೈರ್ ಎಳೆಯುವಾಗ ಮೂರನೇ ಪಿನ್ ಮುರಿದು ಸಿಕ್ಕಿಸುವವರಿದ್ದಾರೆ. ಅದನ್ನು ಮಾತ್ರ ಒಪ್ಪಬೇಡಿ.

ಓದಿನ ಚಿಂತೆ ಪತ್ರದ ತುಂಬ ಇದೆ. ಪರೀಕ್ಷೆ ತಿಂಗಳು ಪ್ರಾಕ್ಟೀಸ್ ಬೇಡ ಅಂತ ಬ್ಯಾಂಡಿನ ಎಲ್ಲ ಹುಡುಗರ ಮನೆಯವರೂ ಒಟ್ಟಿಗೆ ಕೂತು ಹೇಳಿ. ಒಬ್ಬ ಅಪ್ಪ ಹೇಳಿದರೆ ಕೇಳುವುದಿಲ್ಲ.

ನಿಮ್ಮ ಹಾಡುಗಳನ್ನು ಈಗ ಎಲ್ಲಿ ಕೇಳಬಹುದು?
– ಓದುಗರು, ಗೋಕಾಕ

ಕೇಳುವುದಕ್ಕೆ ಆಗುವುದಿಲ್ಲ. ಟೂ ಇನ್ ಒನ್‌ನಲ್ಲಿ ಹಿಡಿದ ಒಂದು ಕ್ಯಾಸೆಟ್ ಇದೆ, ಅದರಲ್ಲಿ ಡ್ರಮ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಈಗ ಬಾರಿಸುವ ಹುಡುಗರು ಫೋನನ್ನು ಡ್ರಮ್‌ನಿಂದ ದೂರ, ಹಾಡುವವನ ಎದೆ ಮಟ್ಟಕ್ಕೆ ಇಡಲಿ. ಮಾತು ಸ್ಪಷ್ಟವಾಗಿ ಬಂದರೆ ಸಾಕು.

ನನಗೆ ಡ್ರಮ್ ಬಾರಿಸಬೇಕು ಅಂತ ಆಸೆ. ಹುಡುಗಿಯರು ಇದನ್ನೆಲ್ಲ ಮಾಡುವುದಿಲ್ಲ ಅಂತಾರೆ. ಕ್ಲಾಸಿಗೆ ಸೇರುವುದಕ್ಕೆ ದುಡ್ಡೂ ಇಲ್ಲ.
– ಡಿಗ್ರಿ ವಿದ್ಯಾರ್ಥಿನಿ, ಬಾಗಲಕೋಟೆ

ತಂಗೀ, ಮಾಡಿದ್ದಾರೆ, ಮೊದಲ ದಿನದಿಂದಲೇ ಮಾಡಿದ್ದಾರೆ. 1976ರಲ್ಲಿ ಲಂಡನ್ನಿನಲ್ಲಿ ದಿ ಸ್ಲಿಟ್ಸ್ ಅನ್ನೋ ಬ್ಯಾಂಡ್ ಶುರುವಾದಾಗ ಅದರಲ್ಲಿ ಇದ್ದವರೆಲ್ಲ ಹುಡುಗಿಯರು. ಹಾಡುತ್ತಿದ್ದ ಆರಿ ಅಪ್‌ಗೆ ಆಗ 14 ವರ್ಷ. ಅದೇ ವರ್ಷ ಎಕ್ಸ್-ರೇ ಸ್ಪೆಕ್ಸ್ ಕಟ್ಟಿದ ಪಾಲಿ ಸ್ಟೈರೀನ್‌ಳ ಅಪ್ಪ ಸೊಮಾಲಿಯಾದವರು. ಹಲ್ಲಿಗೆ ಕ್ಲಿಪ್ ಹಾಕಿಕೊಂಡೇ ಸ್ಟೇಜಿಗೆ ಬಂದು ತನ್ನ ಹಾಡು ತಾನೇ ಬರೆದು ಹಾಡಿದವಳು.

ಡ್ರಮ್ ಸೆಟ್ ಈಗಲೇ ಬೇಡ. ಒಂದು ಜೊತೆ ಕೋಲು ತಗೋ, ಗಟ್ಟಿ ದಿಂಬು ಇಟ್ಟುಕೋ, ಫೋನಿನಲ್ಲಿ ಬಡಿತ ಎಣಿಸುವ ಮೆಟ್ರೊನೋಮ್ ಆ್ಯಪ್ ಹಾಕಿಕೋ. ಅದು ಪುಕ್ಕಟೆ ಸಿಗುತ್ತದೆ. ನಾಲ್ಕು ಬಡಿತದ ಒಂದು ಸುತ್ತಿಗೆ ಬಲಗೈ ಎಂಟು ಏಟು, ಎಡಗೈ ಎರಡನೇ ಮತ್ತು ನಾಲ್ಕನೇ ಬಡಿತಕ್ಕೆ, ಬಲಗಾಲಿನಿಂದ ನೆಲಕ್ಕೆ ಒಂದು ಮತ್ತು ಮೂರು. ನಿಮಿಷಕ್ಕೆ 80ರಿಂದ ಶುರು ಮಾಡು, ಕೈಕಾಲು ತಾವಾಗಿ ಹೊಂದಿಕೊಂಡ ಮೇಲೆ ಐದೈದೇ ಏರಿಸು, ಅವಸರ ಬೇಡ. 160ಕ್ಕೆ ಮುಟ್ಟಿದ ದಿನ ಪತ್ರ ಬರೆ, ನಮ್ಮ ಡ್ರಮ್ಮರ್ ಈಗಲೂ ಬೆಳಗಾವಿಯಲ್ಲೇ ಇದ್ದಾನೆ, ಸೆಟ್ಟನ್ನು ಇನ್ನೂ ಮಾರಿಲ್ಲ. ಬಂದು ಬಾರಿಸಲಿ ಅಂತ ಹೇಳಿದ್ದಾನೆ.