ಸಂಪಾದಕರ ಉತ್ತರ: ಹೊಸಬರು ಏಕೆ ನಿಲ್ಲುವುದಿಲ್ಲ?

ಬೆಟಗೇರಿಯಿಂದ ಕಾಲೇಜು ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ಯಾರು ಬೇಕಾದರೂ ಒಳಗಿನ ಕೋಡ್ ನೋಡಿ ತಿದ್ದಬಹುದಾದ ಒಂದು ದೊಡ್ಡ ಓಪನ್ ಸೋರ್ಸ್ ತಂತ್ರಾಂಶಕ್ಕಾಗಿ ನಾವು ಐದು ಜನ ದುಡಿಯುತ್ತಿದ್ದೇವೆ. ನಾಲ್ಕು ವರ್ಷವಾದರೂ ಅದೇ ಐವರು, ಎಲ್ಲರೂ ಎಂಜಿನಿಯರಿಂಗ್ ಓದಿದ ಗಂಡಸರು. ವಿದ್ಯಾರ್ಥಿನಿಯರನ್ನು ಕರೆತಂದರೆ ವಾರದೊಳಗೆ ಸುಮ್ಮನಾಗುತ್ತಾರೆ. ಕೆಲಸವೇ ಇಷ್ಟು ಜಟಿಲವಾಗಿರುವಾಗ ಬೇರೆ ದಾರಿ ಉಂಟೇ?"

ಮಾನ್ಯರೇ,

ನಿಮ್ಮ ಕಳಕಳಿ ನನ್ನದೂ ಹೌದು. ಆದರೆ ಜಟಿಲತೆಯೇ ಅಡ್ಡಿ ಎಂಬುದನ್ನು ಒಪ್ಪಲಾರೆ. ಪತ್ರ, ಲೆಕ್ಕಪತ್ರ ಸಿದ್ಧಪಡಿಸುವ ಲಿಬ್ರೆಆಫೀಸ್ ತಂತ್ರಾಂಶ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದಾಗ, ಜರ್ಮನಿಯಲ್ಲಿ ಹುಟ್ಟಿದ ಆ ಹಳೆಯ ಕೋಡ್‌ನ ತುಂಬ ಜರ್ಮನ್ ಟಿಪ್ಪಣಿಗಳಿದ್ದವು. ಅವನ್ನು ಇಂಗ್ಲಿಷಿಗೆ ತರುವುದನ್ನು ಹೊಸಬರ ಸುಲಭ ಕೆಲಸಗಳ ಪಟ್ಟಿಗೆ ಸೇರಿಸಿದರು. ಪ್ರೋಗ್ರಾಮಿಂಗ್ ಅಷ್ಟಾಗಿ ಬಾರದ, ಜರ್ಮನ್ ಬಲ್ಲವರಿಗೂ ಅಲ್ಲಿ ಕೈಹಾಕಲು ಜಾಗವಾಯಿತು. ತಂತ್ರಾಂಶ ಸರಳವಾಗಲಿಲ್ಲ, ಅದರೊಳಗಿನ ಒಂದು ಕೆಲಸವನ್ನು ಬಿಡಿಸಿ ಎದುರಿಗಿಟ್ಟರು, ಅಷ್ಟೇ.

ನಮ್ಮ ಧಾರವಾಡದ ಕಚೇರಿಯಲ್ಲಿಯೇ ನಡೆದದ್ದನ್ನು ಹೇಳುತ್ತೇನೆ. 'ರ‍್ಯಾಂಕ್' ಎಂದು ರಕಾರಕ್ಕೆ ಯ ಒತ್ತು ಬರುವಂತೆ ಮೂಡಿಸಬೇಕಾದರೆ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತವಿರಬೇಕು. ಇಲ್ಲದಿದ್ದರೆ ಅರ್ಕಾವತ್ತು ಬಂದು ಪದ 'ರ್ಯಾಂಕ್' ಆಗುತ್ತದೆ. ನಾವು ಪುಟ ಕಟ್ಟುವ ಮುಕ್ತ ತಂತ್ರಾಂಶ ಕಡತವನ್ನು ಉಳಿಸುವಾಗ ಆ ಸಂಕೇತವನ್ನು ನುಂಗುತ್ತಿತ್ತು. ಒಂದು ಸಾಲು ಕೋಡ್ ಬರೆಯದ ನಮ್ಮ ಕರಡು ತಿದ್ದುವ ಅಕ್ಕನವರು ಇದನ್ನು ಹಿಡಿದರು. ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದೆ, ಏನು ಮೂಡಬೇಕಿತ್ತು, ಏನು ಮೂಡಿತು ಎಂಬುದನ್ನು ಚಿತ್ರಸಹಿತ ಬರೆದು ಕಳಿಸಿದರು. ಕನ್ನಡದ ಗಂಧವಿಲ್ಲದ, ಆ ತಂತ್ರಾಂಶದ ನಿರ್ವಾಹಕರೊಬ್ಬರು ಎರಡೇ ದಿನದಲ್ಲಿ ಕೃತಜ್ಞತೆ ಹೇಳಿ, ಇನ್ನೂ ಎರಡು ಪದಗಳ ಉದಾಹರಣೆ ಕೇಳಿದರು. ಅಕ್ಕನವರು ಹನ್ನೊಂದು ಕಳಿಸಿದರು. ಅದಕ್ಕೂ ಮೊದಲು ಬೇರೊಂದು ಯೋಜನೆಗೆ ಅವರು ಬರೆದ ವರದಿಗೆ ಎಂಟು ತಿಂಗಳು ಉತ್ತರವಿರಲಿಲ್ಲ. ಅತ್ತ ಅವರು ಮತ್ತೆ ತಲೆಹಾಕಲಿಲ್ಲ.

ಆದ್ದರಿಂದ ನಿಮ್ಮನ್ನು ಕೇಳುತ್ತೇನೆ: ಸುಮ್ಮನಾದ ಆ ವಿದ್ಯಾರ್ಥಿನಿಯರ ಮೊದಲ ತಿದ್ದುಪಡಿಗೆ ಯಾರು ಉತ್ತರಿಸಿದರು, ಎಷ್ಟು ದಿನಕ್ಕೆ ಉತ್ತರಿಸಿದರು, ಯಾವ ದನಿಯಲ್ಲಿ ಉತ್ತರಿಸಿದರು? ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನಷ್ಟು ದೊಡ್ಡ ಯೋಜನೆಯಲ್ಲಿಯೂ ಯಾವ ಭಾಗಕ್ಕೆ ಯಾರು ಹೊಣೆ ಎಂಬುದನ್ನು ಒಂದೇ ಕಡತದಲ್ಲಿ ಬರೆದಿಟ್ಟಿದ್ದಾರೆ. ನಿಮ್ಮಲ್ಲಿ ಅದು ಐವರ ತಲೆಯೊಳಗೇ ಇದ್ದರೆ, ಹೊಸಬರು ಯಾರ ಬಾಗಿಲು ತಟ್ಟಬೇಕು?

ಬಿಡುವಿನ ಪ್ರಶ್ನೆಯೂ ಇದೆ. ಮುಂಜಾನೆ ರೊಟ್ಟಿ ಬಡಿದಿಟ್ಟು ಬಸ್ಸಿಗೆ ಓಡುವ ಹುಡುಗಿಗೆ ರಾತ್ರಿ ಹತ್ತರ ಆನ್‌ಲೈನ್ ಸಭೆ ಹೇಗೆ ಒದಗೀತು? 2006ರಲ್ಲಿ ಲಿನಕ್ಸ್ ಗಣಕದ ಪರದೆಯ ನೋಟವನ್ನು ಕಟ್ಟುವ ಗ್ನೋಮ್ ಎಂಬ ಮುಕ್ತ ತಂತ್ರಾಂಶ ಯೋಜನೆ ಮಹಿಳೆಯರಿಗಾಗಿ ತೊಡಗಿಸಿದ, ಇಂದು ಔಟ್‌ರೀಚಿ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕಾರ್ಯಕ್ರಮ ಮನೆಯಿಂದಲೇ ಮಾಡುವ ಕೆಲಸಕ್ಕೆ ಹಣವನ್ನೂ ಮಾರ್ಗದರ್ಶಕರನ್ನೂ ಒದಗಿಸುತ್ತದೆ. ನಿಮ್ಮಿಂದ ಹಣ ಕೊಡುವುದಾಗದಿರಬಹುದು. ಸಭೆಯ ಹೊತ್ತು ಬದಲಿಸಬಹುದು, ಚರ್ಚೆಯನ್ನು ಬರಹದಲ್ಲಿ ಉಳಿಸಬಹುದು.

ಒಬ್ಬ ವಿದ್ಯಾರ್ಥಿನಿಯ ಪಕ್ಕದಲ್ಲಿ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಅವರೇ ತಂತ್ರಾಂಶವನ್ನು ಅನುಸ್ಥಾಪಿಸಲಿ, ನೀವು ಕೀಲಿಮಣೆ ಮುಟ್ಟಬೇಡಿ, ಅವರು ಎಲ್ಲೆಲ್ಲಿ ತಡವರಿಸಿದರು ಎಂಬುದನ್ನಷ್ಟೇ ಬರೆದುಕೊಳ್ಳಿ. ಅದರ ಜೊತೆಗೆ ಹತ್ತು ಚಿಕ್ಕ ಕೆಲಸಗಳ ಪಟ್ಟಿಯನ್ನು, ಪ್ರತಿಯೊಂದಕ್ಕೂ ಯಾರು ಉತ್ತರಿಸುತ್ತಾರೆಂಬ ಹೆಸರಿನೊಡನೆ, ಈ ತಿಂಗಳೊಳಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟ ತೆಗೆದಿರಿಸಿದ್ದೇನೆ.

— ಸಂಪಾದಕ